ಸುಟ್ಟಗಾಯದ ವಾರ್ಡಿಗೆ ಚರ್ಮ ಎಲ್ಲಿಂದ ಬರಬೇಕು?

50 ಕಿಲೋ ತೂಕದ ಹೆಣ್ಣುಮಗಳೊಬ್ಬಳ ಮೈ ಶೇ 40ರಷ್ಟು ಸುಟ್ಟಿದೆ ಎಂದುಕೊಳ್ಳೋಣ. ಅಷ್ಟು ತೂಕದವರ ಮೈಚರ್ಮವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಒಂದೂವರೆ ಚದರ ಮೀಟರ್ ಆಗುತ್ತದೆ. ಅವಳು ಕಳೆದುಕೊಂಡಿರುವುದು ಅದರಲ್ಲಿ 6,000 ಚದರ ಸೆಂಟಿಮೀಟರ್. ಅಷ್ಟಗಲದ ಬಾಗಿಲು ತೆರೆದುಕೊಂಡು ಮೈಯ ನೀರು ಹೊರಗೆ ಹೋಗುತ್ತಿದೆ, ರೋಗಾಣು ಒಳಗೆ ಬರುತ್ತಿದೆ. ಅವಳು ಬದುಕುವಳೇ ಎಂಬುದನ್ನು ಮೊದಲ ಎರಡು ವಾರಗಳಲ್ಲಿ ಆ ಬಾಗಿಲನ್ನು ಯಾವುದರಿಂದ ಮುಚ್ಚಿದರು ಎನ್ನುವುದೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ನಮ್ಮಲ್ಲಿ ಮಾತು ಸುಶ್ರುತನ ಮೂಗಿನಿಂದ ಆರಂಭವಾಗಿ ಸಿನಿಮಾ ನಟಿಯರ ತುಟಿಯಲ್ಲಿ ಮುಗಿಯುತ್ತದೆ. ಇವೆರಡರ ನಡುವೆ ಸರ್ಕಾರಿ ಆಸ್ಪತ್ರೆಯ ಬರ್ನ್ಸ್ ವಾರ್ಡ್ ಇದೆ. ನಮ್ಮ ದೇಶದಲ್ಲಿ ಪ್ರತಿವರ್ಷ 10 ಲಕ್ಷಕ್ಕೂ ಹೆಚ್ಚು ಮಂದಿಗೆ ಮಧ್ಯಮದಿಂದ ತೀವ್ರ ಪ್ರಮಾಣದ ಸುಟ್ಟಗಾಯಗಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರನ್ನು ಉಳಿಸುವ ವಿದ್ಯೆ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಅದರ ಮುಖ್ಯ ತುಣುಕುಗಳೆಲ್ಲ ನಲವತ್ತು ವರ್ಷ ಹಳೆಯವು. ಕೊರತೆ ಇರುವುದು ಚರ್ಮಕ್ಕೆ. ಅದನ್ನು ಕೊಡಬಲ್ಲವರು ದಿನವೂ ನಮ್ಮ ನಡುವೆಯೇ ತೀರಿಕೊಳ್ಳುತ್ತಿದ್ದಾರೆ.

ಮೊದಲ ದಿನದ ಲೆಕ್ಕ ನೀರಿನದು. ಪಾರ್ಕ್‌ಲ್ಯಾಂಡ್ ಸೂತ್ರ ಎಂದು ವೈದ್ಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಒಂದು ಗುಣಾಕಾರವಿದೆ: ನಾಲ್ಕು ಮಿಲಿಲೀಟರ್, ಗುಣಿಸು ತೂಕ, ಗುಣಿಸು ಸುಟ್ಟ ಪ್ರಮಾಣ. ನಮ್ಮ ಉದಾಹರಣೆಯ ಹೆಂಗಸಿಗೆ ಅದು 24 ಗಂಟೆಗಳಲ್ಲಿ ಎಂಟು ಲೀಟರ್ ಡ್ರಿಪ್. ಅದರ ಅರ್ಧ ಮೊದಲ ಎಂಟು ಗಂಟೆಗಳಲ್ಲೇ ಹೋಗಬೇಕು. ಆ ಎಂಟು ಗಂಟೆಗಳ ಎಣಿಕೆ ಶುರುವಾಗುವುದು ಬೆಂಕಿ ತಗುಲಿದ ಗಳಿಗೆಯಿಂದ, ಆಸ್ಪತ್ರೆಗೆ ಬಂದ ಗಳಿಗೆಯಿಂದಲ್ಲ. ಊರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಎಂದು ಆಂಬ್ಯುಲೆನ್ಸ್ ಬದಲಿಸುತ್ತ ಬರುವವರಲ್ಲಿ ಹಲವರು ಈ ಲೆಕ್ಕದಲ್ಲೇ ಸೋಲುತ್ತಾರೆ. ಇಂದು ಅನೇಕ ಕೇಂದ್ರಗಳು ನಾಲ್ಕರ ಬದಲು ಎರಡು ಮಿಲಿಲೀಟರಿನಿಂದ ಆರಂಭಿಸಿ ಮೂತ್ರದ ಪ್ರಮಾಣ ನೋಡಿ ಹೆಚ್ಚಿಸುತ್ತವೆ. ಮಿತಿಮೀರಿದ ನೀರೂ ಅಪಾಯವೇ. ಏನೇ ಆದರೂ ಈ ಹಂತದ ಚಿಕಿತ್ಸೆ ಅಗ್ಗದ್ದು. ಯಾವ ಜಿಲ್ಲಾಸ್ಪತ್ರೆಯಲ್ಲೂ ಸಾಧ್ಯವಿರುವಂಥದ್ದು.

(ಇಲ್ಲಿ ಒಂದು ಮಾತನ್ನು ಸೇರಿಸದೆ ಮುಂದೆ ಹೋಗಲಾರೆ. ಸುಟ್ಟ ತಕ್ಷಣ ಮಾಡಬೇಕಾದದ್ದು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು, ಅಷ್ಟೇ. ಶಾಯಿ, ಟೂತ್‌ಪೇಸ್ಟ್, ದೋಸೆಹಿಟ್ಟು, ಮಂಜುಗಡ್ಡೆ ಯಾವುದೂ ಬೇಡ. ನೀರು ಗಾಯ ಆಳಕ್ಕಿಳಿಯುವುದನ್ನು ತಡೆಯುತ್ತದೆ. ಉಳಿದವು ಗಾಯವನ್ನು ಹೊಲಸು ಮಾಡಿ, ಎಷ್ಟು ಆಳ ಸುಟ್ಟಿದೆ ಎಂದು ವೈದ್ಯರಿಗೆ ಕಾಣದಂತೆ ಮಾಡುತ್ತವೆ.)

ನೀರಿನ ಗಂಡಾಂತರ ದಾಟಿದವರಿಗೆ ಎದುರಾಗುವುದು ಸತ್ತ ಚರ್ಮ. ಆಳವಾಗಿ ಸುಟ್ಟ ಚರ್ಮ ತೊಗಲಿನಂತೆ ಗಟ್ಟಿಯಾಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ರಕ್ತಸಂಚಾರವಿಲ್ಲ, ಆದ್ದರಿಂದ ರಕ್ತದ ಮೂಲಕ ಕೊಟ್ಟ ಆಂಟಿಬಯೋಟಿಕ್ ಅಲ್ಲಿಗೆ ತಲುಪುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ನೆಲೆ ಬೇಕೇ? ಒಂದು ವಾರದ ನಂತರ ವಾರ್ಡಿನಲ್ಲಿ ಸಾಯುವವರು ಬೆಂಕಿಯಿಂದ ಸಾಯುವುದಕ್ಕಿಂತ ಹೆಚ್ಚಾಗಿ ನಂಜಿನಿಂದ ಸಾಯುತ್ತಾರೆ. ಹಳೆಯ ಪದ್ಧತಿ ಎಂದರೆ ದಿನವೂ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚಿ, ಡ್ರೆಸ್ಸಿಂಗ್ ಬದಲಿಸಿ, ಸತ್ತ ಚರ್ಮ ತಾನಾಗಿ ಕಳಚಲಿ ಎಂದು ಮೂರು ವಾರ ಕಾಯುವುದು. ಕೆಳಗೆ ಕೆಂಪು ಮಾಂಸ ಚಿಗುರಿದ ಮೇಲೆ ಕಸಿ ಮಾಡುವುದು. ಪ್ರತಿ ಡ್ರೆಸ್ಸಿಂಗೂ ಒಂದು ನರಕ. ಕಾಯುವ ಆ ಮೂರು ವಾರಗಳಲ್ಲೇ ನಂಜು ಗೆಲ್ಲುವ ಸಂಭವ ಹೆಚ್ಚು.

ಈ ಕಾಯುವಿಕೆಯನ್ನು ಮುರಿದವರು ಸ್ಲೊವೇನಿಯಾದ ಮಾರಿಬೋರ್ ಎಂಬ ಊರಿನ ಶಸ್ತ್ರಚಿಕಿತ್ಸಕಿ ಜೋರಾ ಯಾನ್ಜೆಕೊವಿಚ್. ಆಗಿನ ಯುಗೊಸ್ಲಾವಿಯಾದ ಒಂದು ಸಾಧಾರಣ ಆಸ್ಪತ್ರೆ ಅವರದು. ಸುಟ್ಟ ಮೂರರಿಂದ ಐದನೆಯ ದಿನದೊಳಗೆ ಸತ್ತ ಚರ್ಮವನ್ನು ತೆಳುವಾಗಿ ಪದರ ಪದರವಾಗಿ ಹೆರೆಯುತ್ತ ಹೋಗುವುದು; ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗಿತೆಂದರೆ ಜೀವಂತ ಪದರ ಸಿಕ್ಕಿತು ಎಂದರ್ಥ, ಅಲ್ಲಿಗೆ ನಿಲ್ಲಿಸುವುದು; ಅದೇ ಹೊತ್ತಿಗೆ ಚರ್ಮ ಹೊದಿಸುವುದು. 1970ರಲ್ಲಿ ಅವರು ಪ್ರಕಟಿಸಿದ ಲೇಖನ ಸುಟ್ಟಗಾಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ನೋವು ಇಳಿಯಿತು, ಆಸ್ಪತ್ರೆ ವಾಸ ಕಡಿಮೆಯಾಯಿತು, ಕೈಬೆರಳುಗಳು ಸೊಟ್ಟಗಾಗದೆ ಉಳಿದವು.

ಇಷ್ಟು ಗೊತ್ತಿದ್ದೂ ನಮ್ಮ ಬಹಳಷ್ಟು ವಾರ್ಡುಗಳಲ್ಲಿ ಇನ್ನೂ ಮುಲಾಮು ಹಚ್ಚಿ ಕಾಯುವುದೇಕೆ? ವೈದ್ಯರ ಸೋಮಾರಿತನ ಎಂದು ಬಿಡುವುದು ಸುಲಭ, ಆದರೆ ಅನ್ಯಾಯ. ಬೇಗ ಹೆರೆಯಬೇಕೆಂದರೆ ಬಾಟಲಿಗಟ್ಟಲೆ ರಕ್ತ ಬೇಕು, ಬಿಡುವಿರುವ ಆಪರೇಷನ್ ಥಿಯೇಟರ್ ಬೇಕು, ಅರಿವಳಿಕೆ ತಜ್ಞರು ಬೇಕು. ಇವನ್ನೆಲ್ಲ ಹೊಂದಿಸಿಕೊಂಡರೂ ಕೊನೆಯ ಪ್ರಶ್ನೆ ಉಳಿಯುತ್ತದೆ: ಹೆರೆದ ಜಾಗಕ್ಕೆ ಏನು ಹೊದಿಸುವುದು? ಹೊದಿಕೆ ಇಲ್ಲದೆ ಹೆರೆದರೆ ಮೊದಲಿದ್ದುದಕ್ಕಿಂತ ಕೆಟ್ಟ ಗಾಯವನ್ನು ವೈದ್ಯರೇ ಮಾಡಿದಂತಾಗುತ್ತದೆ. ಹಾಗಾಗಿ ಚರ್ಮವಿಲ್ಲದ ಆಸ್ಪತ್ರೆಯಲ್ಲಿ ಕಾಯುವುದೇ ವಿವೇಕ ಅನ್ನಿಸಿಬಿಡುತ್ತದೆ. ಪಠ್ಯಪುಸ್ತಕ ಏನೇ ಹೇಳಲಿ, ಶಸ್ತ್ರಚಿಕಿತ್ಸಕರ ಕೈಯನ್ನು ಕಟ್ಟಿಹಾಕುತ್ತಿರುವುದು ಖಾಲಿ ಫ್ರಿಜ್.

ರೋಗಿಯದೇ ಚರ್ಮ ಇದೆಯಲ್ಲ ಎನ್ನಬಹುದು. ಶಾಶ್ವತವಾಗಿ ಹಿಡಿಯುವುದು ಅದೊಂದೇ ಎಂಬುದೂ ನಿಜ. ತೊಡೆಯಿಂದ ಡರ್ಮಟೋಮ್ ಎಂಬ ಯಂತ್ರದಲ್ಲಿ ತೆಳು ಪದರ ತೆಗೆದು, 1964ರಲ್ಲಿ ಟ್ಯಾನರ್ ರೂಪಿಸಿದ ವಿಧಾನದಂತೆ ಅದಕ್ಕೆ ಸೀಳುಗಳನ್ನು ಕೊಟ್ಟು ಬಲೆಯಂತೆ ಹಿಗ್ಗಿಸಿದರೆ ಮೂರು ಪಟ್ಟು ಜಾಗ ಮುಚ್ಚಬಹುದು. ಅದಕ್ಕೂ ಮುಂಚೆ, 1958ರಲ್ಲಿ ಮೀಕ್ ಎಂಬವರು ಚರ್ಮವನ್ನು ಅಂಚೆಚೀಟಿಗಳಂತಹ ಪುಟ್ಟ ಚೌಕಗಳಾಗಿ ಕತ್ತರಿಸಿ ಹರಡುವ ಉಪಾಯ ತಂದಿದ್ದರು. ಮೂಲೆಗೆ ಬಿದ್ದಿದ್ದ ಅದು ಈಗ ದೊಡ್ಡ ಸುಟ್ಟಗಾಯಗಳಿಗೆ ಮತ್ತೆ ಬಳಕೆಗೆ ಬಂದಿದೆ. ನಮ್ಮ ಹೆಂಗಸಿನ 6,000 ಚದರ ಸೆಂಟಿಮೀಟರಿಗೆ ಮೂರು ಪಟ್ಟಿನ ಲೆಕ್ಕದಲ್ಲಿ 2,000 ಸಾಕು. ಕಾಗದದ ಮೇಲೆ ಸರಿಯೇ. ಆದರೆ ತೆಗೆದ ಜಾಗವೂ ಹೊಸ ಗಾಯವೇ. ಮೊದಲ ವಾರದಲ್ಲಿ, ಒಂದೊಂದು ಉಸಿರಿಗೂ ಹೆಣಗುತ್ತಿರುವ ಮೈಗೆ ಇನ್ನೊಂದು ದೊಡ್ಡ ಗಾಯವನ್ನು ಸೇರಿಸುವ ಧೈರ್ಯ ಯಾರಿಗಿದೆ? ಶೇ 60, 70 ಸುಟ್ಟವರಲ್ಲಂತೂ ತೆಗೆಯಲು ಉಳಿದಿರುವುದೇ ಕಡಿಮೆ.

ಇಲ್ಲಿಗೆ ಬೇರೊಬ್ಬರ ಚರ್ಮದ ಅಗತ್ಯ ಬರುತ್ತದೆ. ಅದು ನಿಲ್ಲುವುದಿಲ್ಲ ಎಂಬುದನ್ನು ವಿಜ್ಞಾನ ಕಲಿತದ್ದೂ ಸುಟ್ಟಗಾಯದ ಹಾಸಿಗೆಯ ಪಕ್ಕದಲ್ಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದ ಆಸ್ಪತ್ರೆಯೊಂದರಲ್ಲಿ ಸುಟ್ಟಗಾಯದಿಂದ ಬಳಲುತ್ತಿದ್ದ ಯುವತಿಗೆ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಚರ್ಮವನ್ನು ಹಚ್ಚಿ ನೋಡಿದರು. ಅದು ಕೆಲವು ದಿನ ಹಿಡಿದು ಆಮೇಲೆ ಕಳಚಿತು. ಅವನದೇ ಚರ್ಮವನ್ನು ಎರಡನೆಯ ಸಲ ಹಚ್ಚಿದಾಗ ಇನ್ನೂ ಬೇಗ ಕಳಚಿತು. ಮೈ ಪರಕೀಯವನ್ನು ಗುರುತಿಟ್ಟುಕೊಳ್ಳುತ್ತದೆ ಎಂಬ ಈ ಅರಿವನ್ನು ಶಸ್ತ್ರಚಿಕಿತ್ಸಕ ಥಾಮಸ್ ಗಿಬ್ಸನ್ ಮತ್ತು ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡವಾರ್ 1943ರಲ್ಲಿ ಪ್ರಕಟಿಸಿದರು. ಮೂತ್ರಪಿಂಡ, ಯಕೃತ್ತು, ಹೃದಯಗಳ ಕಸಿಗೆ ಬೇಕಾದ ರೋಗನಿರೋಧ ಶಾಸ್ತ್ರ ಬೆಳೆದದ್ದು ಈ ದಾರಿಯಲ್ಲಿ. 1960ರ ನೊಬೆಲ್ ಪ್ರಶಸ್ತಿ ಮೆಡವಾರ್ ಅವರಿಗೂ ಬಂತು. ಉಳಿದ ಅಂಗಗಳೆಲ್ಲ ಮುಂದೆ ಹೋದವು, ಪಾಠ ಕಲಿಸಿದ ಚರ್ಮ ಹಿಂದೆ ಉಳಿಯಿತು ಎನ್ನುವುದು ವಿಚಿತ್ರ.

ಕಳಚಿಹೋಗುವ ಚರ್ಮದಿಂದ ಏನು ಪ್ರಯೋಜನ? ಅದು ಉಳಿಯುವ ಎರಡು ಮೂರು ವಾರಗಳೇ ಪ್ರಯೋಜನ. ದೊಡ್ಡ ಸುಟ್ಟಗಾಯದಲ್ಲಿ ರೋಗಿಯ ರೋಗನಿರೋಧ ಶಕ್ತಿಯೂ ಕುಗ್ಗಿರುವುದರಿಂದ ಇನ್ನೂ ಸ್ವಲ್ಪ ಹೆಚ್ಚೇ ಉಳಿಯಬಹುದು. ಅಷ್ಟರಲ್ಲಿ ನೋವು ಇಳಿದಿರುತ್ತದೆ, ನೀರು ಮತ್ತು ಪ್ರೋಟೀನ್ ಸೋರುವುದು ನಿಂತಿರುತ್ತದೆ, ಸೋಂಕು ದೂರವಿರುತ್ತದೆ, ರೋಗಿ ನಾಲ್ಕು ತುತ್ತು ತಿನ್ನುವಂತಾಗಿರುತ್ತಾಳೆ. ಮೊದಲ ಸಲ ತೆಗೆದ ತೊಡೆಯ ಜಾಗ ಮಾಗಿ, ಅಲ್ಲಿಂದಲೇ ಇನ್ನೊಮ್ಮೆ ತೆಗೆಯಲು ಸಿದ್ಧವಾಗಿರುತ್ತದೆ. ಬಹಳ ಹಿಗ್ಗಿಸಿದ ಸ್ವಂತ ಚರ್ಮದ ಬಲೆಯನ್ನು ಕೆಳಗೆ ಹಾಸಿ, ಅದರ ಮೇಲೆ ದಾನಿಯ ಚರ್ಮವನ್ನು ಚಪ್ಪರದಂತೆ ಹೊದಿಸುವ ಪದ್ಧತಿಯೂ ಇದೆ. ಮೇಲಿನದು ಕಳಚುವಷ್ಟರಲ್ಲಿ ಕೆಳಗಿನದು ಬೆಳೆದು ಕೂಡಿಕೊಳ್ಳುತ್ತದೆ.

ಚರ್ಮ ಬ್ಯಾಂಕಿನ ತಾಂತ್ರಿಕತೆ ಅಚ್ಚರಿಪಡುವಷ್ಟು ಸರಳ. ವೈದ್ಯರು, ನರ್ಸ್ ಇರುವ ತಂಡ ದಾನಿಯ ಮನೆಗೋ ಆಸ್ಪತ್ರೆಗೋ ಬಂದು ತೊಡೆ, ಕಾಲು, ಬೆನ್ನಿನಿಂದ ಅರ್ಧ ಮಿಲಿಮೀಟರಿಗೂ ತೆಳುವಾದ ಮೇಲ್ಪದರವನ್ನು ತೆಗೆಯುತ್ತದೆ. ಮುಕ್ಕಾಲು ಗಂಟೆಯ ಕೆಲಸ. ರಕ್ತದ ಮಾದರಿಯನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮುಂತಾದವುಗಳಿಗೆ ಪರೀಕ್ಷಿಸುತ್ತಾರೆ. ಚರ್ಮವನ್ನು ಶೇ 85ರ ಗ್ಲಿಸರಾಲ್ ದ್ರಾವಣದಲ್ಲಿ ಹಂತಹಂತವಾಗಿ ಅದ್ದಿ, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲವೆಂದು ಖಚಿತವಾದ ಮೇಲೆ ನಾಲ್ಕು ಡಿಗ್ರಿ ಸೆಲ್ಸಿಯಸ್ ಸುಮಾರಿನ ತಂಪಿನಲ್ಲಿ ಇಡುತ್ತಾರೆ. ಐದು ವರ್ಷದವರೆಗೂ ಇಡಬಹುದು. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಈ ಪದ್ಧತಿಗೆ ದ್ರವ ಸಾರಜನಕ ಬೇಡ, ಆಮದು ಯಂತ್ರಗಳ ಸಾಲು ಬೇಡ. ಗ್ಲಿಸರಾಲಿನಲ್ಲಿ ಜೀವಕೋಶಗಳು ಸಾಯುತ್ತವೆ, ಚೌಕಟ್ಟು ಉಳಿಯುತ್ತದೆ. ಜೀವಂತ ಚರ್ಮವನ್ನು ಅತಿಶೀತದಲ್ಲಿ ಕಾಪಿಡುವ ವಿಧಾನ ಇದಕ್ಕಿಂತ ಮೇಲು ಎಂದು ವಾದಿಸುವ ತಜ್ಞರಿದ್ದಾರೆ. ನಮ್ಮಂತಹ ಕಡೆ, ವಿದ್ಯುತ್ತೂ ಹಣವೂ ಕೈಕೊಡುವ ಕಡೆ, ಗ್ಲಿಸರಾಲೇ ಸರಿ ಎಂಬುದು ನನ್ನ ಅಭಿಪ್ರಾಯ. ರಕ್ತದ ಗುಂಪು ಹೊಂದಬೇಕಾಗಿಲ್ಲ ಎನ್ನುವುದು ಇನ್ನೊಂದು ಅನುಕೂಲ. ಯಾರದನ್ನು ಯಾರಿಗಾದರೂ ಹಚ್ಚಬಹುದು.

ಹಾಗಾದರೆ ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಪ್ರಯೋಗಾಲಯದ ಚರ್ಮ’ ಎಲ್ಲಿ ಹೋಯಿತು? ಅದು ಇದೆ, ಮತ್ತು ಅದರ ಕಥೆ ದೊಡ್ಡದು. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಚರ್ಮದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದನ್ನು ತೋರಿಸಿಕೊಟ್ಟರು. ಅಂಚೆಚೀಟಿಯಷ್ಟು ಚೂರಿನಿಂದ ಮೈ ಮುಚ್ಚುವಷ್ಟು ಹೊರಪದರ ಬೆಳೆಸಬಹುದು. ಆದರೆ ಅದಕ್ಕೆ ಮೂರು ವಾರ ಬೇಕು, ಬೆಳೆದ ಪದರವೂ ಬಲು ನಾಜೂಕು. ಬರ್ಕ್ ಮತ್ತು ಯಾನಸ್ 1981ರಲ್ಲಿ ಕೃತಕ ಒಳಚರ್ಮದ ಹಾಳೆಯೊಂದನ್ನು ಬಳಸಿ ತೋರಿಸಿದರು; ಅದೇ ಇಂದು ಇಂಟೆಗ್ರಾ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ, ನಮ್ಮ ಸಾಮಾನ್ಯ ರೋಗಿಯ ಕೈಗೆಟುಕದ ಬೆಲೆಯಲ್ಲಿ. 2002ರ ಬಾಲಿ ಬಾಂಬ್ ಸ್ಫೋಟದ ಗಾಯಾಳುಗಳಿಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಫಿಯೋನಾ ವುಡ್ ಬಳಸಿದ ಸಿಂಪಡಿಸುವ ಚರ್ಮಕೋಶಗಳು ಜಗತ್ತಿನ ಗಮನ ಸೆಳೆದವು. 2017ರಲ್ಲಿ ವರದಿಯಾದ ಜರ್ಮನಿಯ ಪ್ರಕರಣವಂತೂ ಪವಾಡದಂತಿದೆ: ಚರ್ಮವೇ ಕಳಚಿಹೋಗುವ ಆನುವಂಶಿಕ ಕಾಯಿಲೆಯ ಬಾಲಕನಿಗೆ ಅವನದೇ ಕೋಶಗಳ ಜೀನ್ ತಿದ್ದಿ, ಬೆಳೆಸಿ, ಮೈಯ ಶೇ 80ರಷ್ಟಕ್ಕೆ ಹೊಸ ಹೊರಚರ್ಮ ಹೊದಿಸಿದರು. ಇವು ಯಾವುವನ್ನೂ ಕಡೆಗಣಿಸುವಂತಿಲ್ಲ. ಆದರೆ ಒಂದು ಮಾತು ನೆನಪಿರಲಿ: ತಟ್ಟೆಯಲ್ಲಿ ಚರ್ಮ ಬೆಳೆಯುವ ಮೂರು ವಾರ ರೋಗಿ ಬದುಕಿರಬೇಕು. ಆ ಮೂರು ವಾರಗಳ ಹೊದಿಕೆಯಾಗಿ ಮುಂದುವರಿದ ದೇಶಗಳ ವೈದ್ಯರೂ ಬಹುಮಟ್ಟಿಗೆ ನೆಚ್ಚಿಕೊಳ್ಳುವುದು ದಾನಿಯ ಚರ್ಮವನ್ನೇ.

ಅಗ್ಗದ ದಾರಿಯ ಸಂಶೋಧನೆ ನಮ್ಮಲ್ಲೂ ನಡೆದಿದೆ, ಅದನ್ನು ನಾವು ಮರೆತಿದ್ದೇವೆ. 1980ರ ದಶಕದಲ್ಲಿ ಮುಂಬೈನ ಡಾ. ಕೇಸ್ವಾನಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಗಾಜ್ ಬಟ್ಟೆಗೆ ಅಂಟಿಸಿ ಡ್ರೆಸ್ಸಿಂಗ್ ಮಾಡಿದರು. ಅದೇ ನಗರದ ಸಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಬಾಳೆ ಎಲೆಯನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಿಲ್ಲ, ಖರ್ಚು ಅತ್ಯಲ್ಪ. ಇದನ್ನು ಕೇಳಿ ನಗುವವರು ಒಮ್ಮೆ ಬರ್ನ್ಸ್ ವಾರ್ಡಿನ ಬೆಳಗಿನ ಡ್ರೆಸ್ಸಿಂಗ್ ಹೊತ್ತಿನಲ್ಲಿ ಅಲ್ಲಿ ನಿಂತು ಬರಬೇಕು. ಹಾಗೆಂದು ಮನೆಯಲ್ಲಿ ಬಾಳೆ ಎಲೆ ಕೊಯ್ದು ಕಟ್ಟಿಕೊಳ್ಳಲು ಇದು ಪರವಾನಗಿಯಲ್ಲ. ಅವರು ಬಳಸಿದ್ದು ಕ್ರಿಮಿಶುದ್ಧಗೊಳಿಸಿದ ಎಲೆ, ಅದೂ ಆಳಕ್ಕಿಳಿಯದ ಗಾಯಗಳಿಗೆ. ಆಳದ ಗಾಯಕ್ಕೆ ಎಲೆ ಚರ್ಮವಾಗದು. ಅದು ಗೋರೆ ಅವರಿಗೂ ಗೊತ್ತಿತ್ತು. 2000ದಲ್ಲಿ ಅದೇ ಸಯನ್ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಕಟ್ಟಿದವರೂ ಅವರೇ.

ಅಲ್ಲಿಂದ ಇಲ್ಲಿಗೆ ಕಾಲು ಶತಮಾನ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ರೋಟರಿಯ ನೆರವಿನೊಂದಿಗೆ 2016ರಲ್ಲಿ ಚರ್ಮ ಬ್ಯಾಂಕ್ ಬಂತು. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೂ ಒಂದಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಗೆ ಅದು ಬರಲು 2023 ಬೇಕಾಯಿತು. ರಾಜಧಾನಿಯ ಸ್ಥಿತಿಯೇ ಹೀಗಿದ್ದ ಮೇಲೆ ಉಳಿದ ಕಡೆಯ ಮಾತು ಬೇಡ. ಆದರೆ ಬ್ಯಾಂಕ್ ಕಟ್ಟಡದ ಸಂಖ್ಯೆ ಹೆಚ್ಚಿಸುವುದರಿಂದ ಸಮಸ್ಯೆ ತೀರುವುದಿಲ್ಲ. ಗ್ಲಿಸರಾಲಿನಲ್ಲಿಟ್ಟ ಚರ್ಮವನ್ನು ತಂಪುಪೆಟ್ಟಿಗೆಯಲ್ಲಿ ಬಸ್ಸಿನಲ್ಲೋ ರೈಲಿನಲ್ಲೋ ಕಳಿಸಬಹುದು. ರಾಯಚೂರಿನ ರೋಗಿಗಾಗಿ ರಾಯಚೂರಿನಲ್ಲೇ ಬ್ಯಾಂಕ್ ಇರಬೇಕಾಗಿಲ್ಲ. ರಾಯಚೂರಿನಲ್ಲಿ ಇರಬೇಕಾದದ್ದು ಚರ್ಮ ಸಂಗ್ರಹಿಸುವ ತಂಡ. ಸಾವಿನ ನಂತರ ಸಾಮಾನ್ಯವಾಗಿ ಆರು ಗಂಟೆಗಳೊಳಗೆ ಅದು ಮನೆ ಬಾಗಿಲಿಗೆ ಬರಬೇಕು.

ಆರು ಗಂಟೆ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗಬೇಕಾದದ್ದು ನೇತ್ರದಾನ. ಅದಕ್ಕೂ ಇದೇ ಅವಧಿ. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾದ ಮುಂಪದರ, ಹಿಂಪದರಗಳನ್ನು ಬೇರ್ಪಡಿಸುವ ತಂತ್ರದಿಂದ ಅದು ಸಾಧ್ಯವಾಯಿತು. ಆ ನಂತರದ ತಿಂಗಳುಗಳಲ್ಲಿ ಹಳ್ಳಿಹಳ್ಳಿಯಲ್ಲಿ ಜನ ಸಾಲುನಿಂತು ನೇತ್ರದಾನಕ್ಕೆ ಹೆಸರು ಬರೆಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಸಾವಿನ ಮನೆಯಲ್ಲಿ ಯಾರೋ ಒಬ್ಬರು ಎದ್ದು ಫೋನ್ ಮಾಡಬೇಕು ಎಂಬುದನ್ನು ಈ ನಾಡು ಕಲಿತುಕೊಂಡಿದೆ. ಅದೇ ಫೋನಿನಲ್ಲಿ ಚರ್ಮದ ಮಾತನ್ನೂ ಏಕೆ ಸೇರಿಸಬಾರದು? ದಾನಿಗೆ 18 ತುಂಬಿದ್ದರೆ ಸಾಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಡ್ಡಿಯಲ್ಲ. ಬದುಕಿದ್ದಾಗ ಹೆಸರು ಬರೆಸಿರಬೇಕೆಂದೂ ಇಲ್ಲ, ಹತ್ತಿರದ ಸಂಬಂಧಿಕರು ಒಪ್ಪಿದರೆ ಆಯಿತು. ರಕ್ತದಿಂದ ಹರಡುವ ಸೋಂಕು, ನಂಜು, ಚರ್ಮದ ಕ್ಯಾನ್ಸರ್ ಇದ್ದವರದನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ.

ಜನರ ಹಿಂಜರಿಕೆಯ ಮೂಲ ಬೇರೆ. ಚರ್ಮ ತೆಗೆಯುವುದೆಂದರೆ ಸುಲಿಯುವುದು ಎಂಬ ಚಿತ್ರ ಕಣ್ಣೆದುರು ಬರುತ್ತದೆ, ಅದು ತಪ್ಪಲ್ಲ, ಯಾರಿಗಾದರೂ ಬರುವಂಥದ್ದೇ. ಆದರೆ ನಿಜವಾಗಿ ತೆಗೆಯುವುದು ಈರುಳ್ಳಿಯ ಒಳಪೊರೆಯಂತಹ ಪದರ. ಮುಖ, ಎದೆ, ಕೈಗಳನ್ನು ಮುಟ್ಟುವುದಿಲ್ಲ. ರಕ್ತ ಸುರಿಯುವುದಿಲ್ಲ. ತೆಗೆದ ಜಾಗಕ್ಕೆ ಬ್ಯಾಂಡೇಜ್ ಸುತ್ತಿ, ಬಟ್ಟೆ ಉಡಿಸಿ ಕೊಡುತ್ತಾರೆ. ದರ್ಶನಕ್ಕೆ ಬಂದವರಿಗೆ ವ್ಯತ್ಯಾಸ ತಿಳಿಯದು. ಇದನ್ನು ಪೋಸ್ಟರಿನಲ್ಲಿ ಬರೆದರೆ ಸಾಲದು, ಸಾವಿನ ಹೊತ್ತಿನಲ್ಲಿ ಮೆಲುದನಿಯಲ್ಲಿ ಹೇಳಬಲ್ಲ ಮನುಷ್ಯರು ಬೇಕು. ಆಸ್ಪತ್ರೆಗಳಲ್ಲಿ ಅಂತಹ ಸಮನ್ವಯಾಧಿಕಾರಿ ಇರಬೇಕು, ತೀವ್ರ ನಿಗಾ ಘಟಕದ ಸಿಬ್ಬಂದಿ ಸಂಬಂಧಿಕರನ್ನು ಕೇಳಬೇಕು ಎಂದು 2011ರಲ್ಲಿ ತಿದ್ದುಪಡಿಯಾದ ಅಂಗಾಂಗ ಮತ್ತು ಅಂಗಾಂಶ ಕಸಿ ಕಾಯ್ದೆಯೇ ಹೇಳುತ್ತದೆ. ಕೇಳುವ ಕಡೆಯೂ ಮಾತು ಮೂತ್ರಪಿಂಡ, ಯಕೃತ್ತಿನಲ್ಲಿ ನಿಂತುಬಿಡುತ್ತದೆ. ಮಿದುಳು ಸಾವಿಗೆ ಕಾಯಬೇಕಾದ ಆ ಅಂಗಗಳಿಗಿಂತ, ಮನೆಯಲ್ಲಿ ಹೃದಯ ನಿಂತು ಹೋದವರಿಂದಲೂ ಪಡೆಯಬಹುದಾದ ಚರ್ಮ ಎಷ್ಟೋ ಸುಲಭವಾಗಿ ದೊರೆಯುವಂಥದ್ದು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಗಂಟೂ ಇದೆ. ಕಾರ್ನಿಯಾ ತೆಗೆಯಲು ಅರ್ಹ ತಂತ್ರಜ್ಞರಿಗೂ ಅದು ಅವಕಾಶ ಕೊಟ್ಟಿತು. ಈ ಸಡಿಲಿಕೆ ಬರೆದದ್ದು ಕಾರ್ನಿಯಾಕ್ಕೆ ಮಾತ್ರ. ರಾತ್ರಿ ಎರಡು ಗಂಟೆಗೆ ನೇತ್ರ ತಂತ್ರಜ್ಞರನ್ನು ಕಳಿಸುವುದು ಸಾಧ್ಯ. ವೈದ್ಯರನ್ನು ಎಬ್ಬಿಸಿ ಎಂಬತ್ತು ಕಿಲೋಮೀಟರ್ ಕಳಿಸುವುದು ಎಷ್ಟು ಜಿಲ್ಲೆಗಳಲ್ಲಿ ಆಗುವ ಮಾತು? ಡರ್ಮಟೋಮ್ ಹಿಡಿಯುವುದು ತರಬೇತಿ ಪಡೆದ ನರ್ಸಿಗೆ ಕಲಿಸಲಾಗದ ವಿದ್ಯೆಯೇನೂ ಅಲ್ಲ. ನನ್ನನ್ನು ಕೇಳಿದರೆ ಈ ಒಂದು ಬದಲಾವಣೆ ಹತ್ತು ಉದ್ಘಾಟನೆಗಳಿಗಿಂತ ಹೆಚ್ಚು ಚರ್ಮ ತರುತ್ತದೆ.

ಇಷ್ಟು ಸಾಮಾನ್ಯವಾದ ಸಂಗತಿ ಇಷ್ಟು ವರ್ಷ ಯಾರಿಗೂ ತುರ್ತೆನ್ನಿಸದೆ ಉಳಿದದ್ದಕ್ಕೆ ಒಂದು ಕಾರಣ ಸುಟ್ಟಗಾಯಕ್ಕೆ ಒಳಗಾಗುವವರು ಯಾರು ಎಂಬುದರಲ್ಲಿದೆ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಅಂದಾಜಿನಂತೆ 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚು. ಅವರಲ್ಲಿ 1,06,000 ಮಂದಿ ಹೆಂಗಸರು, ಹೆಚ್ಚಿನವರು 15ರಿಂದ 34ರ ವಯಸ್ಸಿನವರು. ಪೊಲೀಸ್ ದಾಖಲೆಗಳಲ್ಲಿ ಇರುವುದಕ್ಕಿಂತ ಇದು ಆರು ಪಟ್ಟು. ಸೀಮೆಎಣ್ಣೆ ಸ್ಟೌ, ಸಿಂಥೆಟಿಕ್ ಸೀರೆ, ನೆಲದ ಮೇಲಿನ ಒಲೆ, ಮತ್ತು ‘ಸ್ಟೌ ಸಿಡಿಯಿತು’ ಎಂಬ ಹೇಳಿಕೆಯ ಹಿಂದೆ ಅಡಗಿರುವ ಮನೆಯ ಜಗಳಗಳು. ಅಡುಗೆ ಅನಿಲ ಬಂದ ಮೇಲೆ ಸೀಮೆಎಣ್ಣೆಯ ಪಾಲು ತಗ್ಗಿದೆ. ವಿದ್ಯುತ್ ತಗುಲಿ ಸುಟ್ಟುಕೊಳ್ಳುವ ಗಂಡಸರು ವಾರ್ಡಿಗೆ ಬರುತ್ತಲೇ ಇದ್ದಾರೆ. ಆ್ಯಸಿಡ್ ದಾಳಿಯ ವಿಷಯ ಬೇರೆಯದೇ: ಅಲ್ಲಿ ಸುಡುವ ವಿಸ್ತಾರ ಕಡಿಮೆ, ಆಳ ಹೆಚ್ಚು, ಜಾಗ ಮುಖ. ಚರ್ಮ ಬ್ಯಾಂಕಿನ ಪಾತ್ರ ಅಲ್ಲಿ ಚಿಕ್ಕದು, ಹತ್ತಾರು ಶಸ್ತ್ರಚಿಕಿತ್ಸೆಗಳ ಸರಣಿಯೇ ಬೇಕಾಗುತ್ತದೆ.

ಸಾವಿನ ಲೆಕ್ಕವೊಂದನ್ನೇ ನೋಡುತ್ತ ಕುಳಿತರೆ ಇನ್ನೊಂದು ಸಂಗತಿ ತಪ್ಪಿಹೋಗುತ್ತದೆ. ತಡವಾಗಿ ಮುಚ್ಚಿದ ಗಾಯ ಮಾಯುವಾಗ ಸೆಳೆಯುತ್ತದೆ. ಗದ್ದ ಎದೆಗೆ ಅಂಟುತ್ತದೆ, ಕಂಕುಳು ತೆರೆಯುವುದಿಲ್ಲ, ಬೆರಳುಗಳು ಅಂಗೈಗೆ ಮಡಚಿಕೊಳ್ಳುತ್ತವೆ. ಬದುಕಿ ಮನೆಗೆ ಹೋದವಳು ತಲೆ ಬಾಚಿಕೊಳ್ಳಲಾರಳು, ಕೊಡ ಎತ್ತಲಾರಳು. ಮುಂದೆ ಇಂಗ್ಲಿಷಿನ ಜೆಡ್ ಅಕ್ಷರದ ಆಕಾರದಲ್ಲಿ ಸೀಳಿ ಕಲೆಯನ್ನು ಸಡಿಲಿಸುವ, ಚರ್ಮದಡಿ ಬಲೂನು ಹಿಗ್ಗಿಸಿ ಹೊಸ ಚರ್ಮ ಬೆಳೆಸುವ ಶಸ್ತ್ರಚಿಕಿತ್ಸೆಗಳಿವೆ. ಅವಕ್ಕೆ ಮತ್ತೆ ಮತ್ತೆ ಊರಿನಿಂದ ಬರಬೇಕು, ಜೊತೆಗೊಬ್ಬರು ಕೂಲಿ ಬಿಡಬೇಕು. ಎರಡನೆಯ ವಾರದಲ್ಲಿ ಸಿಗದ ಚರ್ಮದ ಬೆಲೆಯನ್ನು ಆ ಮನೆ ಹತ್ತು ವರ್ಷ ತೆರುತ್ತದೆ. ಗಾಯ ಮುಚ್ಚಿದ ದಿನದಿಂದಲೇ ಕೀಲುಗಳಿಗೆ ಪಟ್ಟಿ ಕಟ್ಟಿ ನೇರ ಹಿಡಿಯುವುದು, ವ್ಯಾಯಾಮ, ವರ್ಷದವರೆಗೆ ಮೈಗೆ ಬಿಗಿಯಾದ ಒತ್ತಡದ ಉಡುಪು ಇವೆಲ್ಲ ಇದ್ದರೆ ಇದರಲ್ಲಿ ಬಹುಪಾಲನ್ನು ತಡೆಯಬಹುದು. ಹಲವು ಆಸ್ಪತ್ರೆಗಳಲ್ಲಿ ಬರ್ನ್ಸ್ ವಾರ್ಡಿಗೆಂದೇ ಮೀಸಲಾದ ಫಿಸಿಯೋಥೆರಪಿಸ್ಟ್ ಇರುವುದಿಲ್ಲ. ಇದ್ದವರು ಮೂಳೆ ವಿಭಾಗದಿಂದ ಬಿಡುವಾದಾಗ ಬರುತ್ತಾರೆ.

ಸದ್ಯಕ್ಕೆ ಆಗಬೇಕಾದ ಕೆಲಸಗಳು ಸಣ್ಣವು. ನೇತ್ರದಾನದ ಪ್ರತಿಜ್ಞಾಪತ್ರದಲ್ಲಿ ಚರ್ಮಕ್ಕೂ ಒಂದು ಸಾಲು ಸೇರಬೇಕು. ಅಂಗಾಂಗ ದಾನದ ಹೊಣೆ ಹೊತ್ತ ರಾಜ್ಯದ ‘ಜೀವಸಾರ್ಥಕತೆ’ಯ ಪ್ರಚಾರದಲ್ಲಿ ಚರ್ಮಕ್ಕೆ ಕೊನೆಯ ಸಾಲಿನ ಬದಲು ತನ್ನದೇ ಪುಟ ಸಿಗಬೇಕು. ಜಿಲ್ಲಾ ಆಸ್ಪತ್ರೆಗೊಂದು ಬ್ಯಾಟರಿ ಚಾಲಿತ ಡರ್ಮಟೋಮ್, ರಾತ್ರಿ ಹೊರಡಬಲ್ಲ ಒಂದು ವಾಹನ, ತರಬೇತಿಯಾದ ಇಬ್ಬರು ಮೂವರು ಇರಬೇಕು. ಅಪಘಾತ ಮುಂತಾದ ಪೊಲೀಸ್ ಪ್ರಕರಣಗಳಲ್ಲಿ ಪಂಚನಾಮೆ ಮುಗಿಯುವಷ್ಟರಲ್ಲಿ ಆರು ಗಂಟೆ ಕಳೆದಿರುತ್ತದೆ, ಅಲ್ಲಿ ಠಾಣೆ ಮತ್ತು ಶವಾಗಾರದ ನಡುವೆ ಮೊದಲೇ ಒಪ್ಪಂದವಾಗಿರಬೇಕು. ಬ್ಯಾಂಕ್‌ಗಳಲ್ಲಿ ಇಂದು ಎಷ್ಟು ಚದರ ಸೆಂಟಿಮೀಟರ್ ಚರ್ಮ ಇದೆ ಎಂಬುದು, ರಕ್ತ ನಿಧಿಗಳ ದಾಸ್ತಾನು ಜಾಲತಾಣದಲ್ಲಿ ಕಾಣುವಂತೆ, ರಾಜ್ಯದ ಪ್ರತಿ ಬರ್ನ್ಸ್ ವಾರ್ಡಿನ ವೈದ್ಯರಿಗೂ ಕಾಣಬೇಕು. ಆಗ ಐದನೆಯ ದಿನ ಹೆರೆಯುವುದೋ ಇಪ್ಪತ್ತೊಂದನೆಯ ದಿನದವರೆಗೆ ಕಾಯುವುದೋ ಎಂಬುದನ್ನು ಅವರು ರೋಗಿಯನ್ನು ನೋಡಿ ತೀರ್ಮಾನಿಸಬಹುದು.